ಗೀಸರ್‌ನ ಕೆಂಪು ಬಟನ್ ನಾವೇ ಒತ್ತಬಹುದಾ?

ಪ್ರಶ್ನೆ: ನಮ್ಮ ಮನೆಯ ಕರೆಂಟ್ ಗೀಸರ್‌ನಲ್ಲಿ ಇದ್ದಕ್ಕಿದ್ದ ಹಾಗೆ ನೀರು ಕಾಯುವುದು ನಿಂತುಹೋಯಿತು. ರಿಪೇರಿಯವರು ಬಂದರು, ಕೆಳಗಿನ ಮುಚ್ಚಳ ಬಿಚ್ಚಿ ಒಳಗಿದ್ದ ಪುಟ್ಟ ಕೆಂಪು ಬಟನ್ ಒತ್ತಿದರು, ಹೋದರು. ಮೂರು ವಾರ ಚೆನ್ನಾಗಿತ್ತು. ಈಗ ಮತ್ತೆ ತಣ್ಣೀರು. ಬಟನ್ ಎಲ್ಲಿದೆ ಅಂತ ನೋಡಿಕೊಂಡಿದ್ದೇನೆ. ಈ ಸಲ ನಾನೇ ಒತ್ತಿಕೊಳ್ಳಬಹುದಾ?

ಉತ್ತರ: ಮೊದಲ ಸಲವಾಗಿದ್ದರೆ, ಕರೆಂಟ್ ಪೂರ್ತಿ ತೆಗೆದು ನೀರು ತಣ್ಣಗಾದ ಮೇಲೆ ಒತ್ತಬಹುದು ಎನ್ನುತ್ತಿದ್ದೆ. ನಿಮ್ಮದು ಎರಡನೇ ಸಲ. ದಯವಿಟ್ಟು ಒತ್ತಬೇಡಿ. ಮೊದಲು ಎದ್ದು ಹೋಗಿ ಗೀಸರ್‌ನ ಎಂಸಿಬಿ, ಅಂದರೆ ಮನೆಯ ಕರೆಂಟ್ ಬಾಕ್ಸ್‌ನಲ್ಲಿರುವ ಅದರ ಸ್ವಿಚ್, ಕೆಳಗಿಳಿಸಿ ಬನ್ನಿ. ಆಮೇಲೆ ಮುಂದೆ ಓದಿ.

ಆ ಬಟನ್ ಏನು ಅಂತ ಗೊತ್ತಾದರೆ ನಾನು ಇಷ್ಟು ಅವಸರ ಮಾಡುವುದು ಯಾಕೆ ಅಂತಲೂ ಗೊತ್ತಾಗುತ್ತದೆ. ಗೀಸರ್ ಒಳಗೆ ಶಾಖವನ್ನು ನೋಡಿಕೊಳ್ಳುವವರು ಇಬ್ಬರು. ಒಬ್ಬ ಥರ್ಮೋಸ್ಟಾಟ್. ದಿನದ ಕೆಲಸ ಅವನದು. ನೀವು ಇಟ್ಟಷ್ಟು ಬಿಸಿಯಾದ ತಕ್ಷಣ ನೀರು ಕಾಯಿಸುವ ಎಲಿಮೆಂಟ್‌ಗೆ ಹೋಗುವ ಕರೆಂಟ್ ಕಡಿಯುತ್ತಾನೆ, ನೀರು ಆರಿದರೆ ಮತ್ತೆ ಕೊಡುತ್ತಾನೆ. ಇನ್ನೊಬ್ಬ ಥರ್ಮಲ್ ಕಟ್‌ಔಟ್. ಅವನು ಸುಮ್ನೆ ಕಾವಲು ಕೂತಿರುತ್ತಾನೆ. ನೀರು ಎಂದೂ ಹೋಗಬಾರದಷ್ಟು ಬಿಸಿಗೆ, ಸಾಮಾನ್ಯವಾಗಿ 85ರಿಂದ 95 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ಹೋದರೆ ಮಾತ್ರ ಎದ್ದು ಇಡೀ ಲೈನನ್ನೇ ಕಡಿಯುತ್ತಾನೆ. ನಿಮ್ಮ ಕೆಂಪು ಬಟನ್ ಈ ಎರಡನೆಯವನದು.

ಹೆಚ್ಚಿನ ಕಟ್‌ಔಟ್‌ಗಳ ಒಳಗೆ ನಾಣ್ಯಕ್ಕಿಂತ ಚಿಕ್ಕದಾದ ಒಂದು ಲೋಹದ ಬಿಲ್ಲೆ ಇರುತ್ತದೆ. ಎರಡು ಬೇರೆ ಬೇರೆ ಲೋಹದ ತೆಳು ಹಾಳೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ್ದು. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಂದು ಹಂತದವರೆಗೆ ಬಿಲ್ಲೆ ತಡೆದುಕೊಳ್ಳುತ್ತದೆ. ಆಮೇಲೆ, ತಗಡಿನ ಡಬ್ಬಿಯ ಮುಚ್ಚಳದ ನಡುವೆ ಹೆಬ್ಬೆರಳು ಒತ್ತಿದರೆ ಟಕ್ ಅಂತ ಒಳಗೆ ಹೋಗುತ್ತದಲ್ಲ, ಹಾಗೆ ಒಂದೇ ಏಟಿಗೆ ಆಚೆ ಬದಿಗೆ ಬಾಗಿಬಿಡುತ್ತದೆ. ಬಾಗುವಾಗ ಕರೆಂಟಿನ ಕೊಂಡಿಯನ್ನೂ ಬಿಡಿಸುತ್ತದೆ. ತಣ್ಣಗಾದರೂ ಕೊಂಡಿ ತಾನಾಗಿ ಕೂಡುವುದಿಲ್ಲ. ಮನುಷ್ಯರೇ ಬಂದು ಬಟನ್ ಒತ್ತಬೇಕು. ಹೀಗೆ ಮಾಡಿರುವುದು ಬೇಕು ಅಂತಲೇ. ಯಾರಾದರೂ ಬಂದು ನೋಡಲಿ, ಯಾಕೆ ಹೀಗಾಯಿತು ಅಂತ ಕೇಳಲಿ ಎಂಬುದಕ್ಕೆ.

ನಿಮ್ಮ ರಿಪೇರಿಯವರು ಬಟನ್ ಒತ್ತಿದರು, ಆದರೆ ಆ ಪ್ರಶ್ನೆ ಕೇಳಲಿಲ್ಲ.

ಹಾಗಾದರೆ ಮೂರು ವಾರ ಹೇಗೆ ಸರಿ ನಡೆಯಿತು? ಥರ್ಮೋಸ್ಟಾಟ್ ಕೆಡುವ ರೀತಿಯೇ ಹಾಗೆ. ಸಾವಿರಾರು ಸಲ ಕೂಡಿ ಬಿಡಿಸಿ ಅದರ ಒಳಗಿನ ಕಾಂಟ್ಯಾಕ್ಟ್‌ಗಳು ಕಿಡಿಯಿಂದ ಸವೆಯುತ್ತವೆ, ಸುಟ್ಟ ಕಲೆ ಬೀಳುತ್ತವೆ. ಒಂದು ದಿನ ಅವು ಅಂಟಿಕೊಳ್ಳುತ್ತವೆ. ಎಲಿಮೆಂಟ್ ನಿಲ್ಲದೆ ಕಾಯುತ್ತಲೇ ಹೋಗುತ್ತದೆ, ಕಟ್‌ಔಟ್ ಬಿಡಿಸುತ್ತದೆ. ಆರಿದ ಮೇಲೆ ಅಂಟು ಬಿಟ್ಟುಕೊಂಡು ಮತ್ತೆ ಕೆಲವು ದಿನ ಸರಿಯಾಗಿಯೇ ಕೆಲಸ ಮಾಡುತ್ತದೆ. ನೋಡುವವರಿಗೆ ‘ರೀಸೆಟ್ ಮಾಡಿದ ಮೇಲೆ ಸರಿಹೋಯಿತು’ ಅಂತ ಕಾಣುತ್ತದೆ. ನಿಜಕ್ಕೂ ಏನೂ ಸರಿಹೋಗಿಲ್ಲ, ಅಲ್ವಾ? ನೀವು ಬಟನ್ ಒತ್ತುತ್ತಾ ಹೋದರೆ ದಿನದ ಕೆಲಸವನ್ನು ಕಾವಲುಗಾರನ ಕೈಯಲ್ಲಿ ಮಾಡಿಸಿದ ಹಾಗೆ. ಅಪರೂಪಕ್ಕೆ ಒಮ್ಮೆ ಎದ್ದೇಳುವುದಕ್ಕೆ ಮಾಡಿದ ವಸ್ತು ಅದು. ಅದೂ ಒಂದು ದಿನ ಅಂಟಿಕೊಂಡರೆ ಉಳಿಯುವುದು, ಒತ್ತಡ ಹೆಚ್ಚಾದರೆ ನೀರನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಒಂದೇ.

ಅದೂ ಕಟ್ಟಿಕೊಂಡಿದ್ದರೆ? ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರುವುದರಿಂದ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಅದಕ್ಕಿಂತ ಮೇಲೂ ನೀರಾಗಿಯೇ ಬಿಸಿಯಾಗುತ್ತಾ ಹೋಗುತ್ತದೆ. ಟ್ಯಾಂಕ್ ಒಡೆದ ಕ್ಷಣ ಒತ್ತಡ ಇಳಿದು ಆ ನೀರಿನ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಬೇಕು. ಗೋಡೆ ಒಡೆಯುವ ಬಲ ಬರುವುದು ಇಲ್ಲಿಂದಲೇ. ಇದು ದಿನಾ ಆಗುವುದಲ್ಲ, ಮೂರು ರಕ್ಷಣೆಗಳೂ ಒಟ್ಟಿಗೆ ಸೋಲಬೇಕು. ನಿಮ್ಮ ಗೀಸರ್‌ನಲ್ಲಿ ಮೊದಲನೆಯದು ಬಹುಶಃ ಸೋತಿದೆ. ಎರಡನೆಯದನ್ನು ನಾವೇ ಸವೆಸುವುದು ಬೇಡ.

ಕಟ್‌ಔಟ್ ಬಿಡಿಸುವುದಕ್ಕೆ ಬೇರೆ ಕಾರಣಗಳೂ ಇವೆ. ಮೇಲಿನ ಟ್ಯಾಂಕ್ ಖಾಲಿಯಾಗಿ ಗೀಸರ್‌ಗೆ ನೀರು ಬರದಿದ್ದಾಗ ಸ್ವಿಚ್ ಹಾಕಿದರೆ ಎಲಿಮೆಂಟ್ ಒಣಗಾಳಿಯಲ್ಲಿ ಕಾಯುತ್ತದೆ. ಗಡಸು ನೀರಿನ ಮನೆಗಳಲ್ಲಿ ಎಲಿಮೆಂಟ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಎಲಿಮೆಂಟಿನಲ್ಲೇ ನಿಲ್ಲುತ್ತದೆ. ಗೀಸರ್ ಕಾಯುವಾಗ ಕೆಟಲ್ ಹಾಗೆ ಸೊಯ್ ಅಂತ, ಗುಡುಗುಡು ಅಂತ ಸದ್ದು ಮಾಡಿದರೆ ಈ ಪದರ ದಪ್ಪವಾಗಿದೆ ಅಂತ ತಿಳಿಯಿರಿ. ಮೂರನೆಯದು ಸಡಿಲ ವೈರ್. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆಯ ಗೀಸರ್‌ಗೂ ಹೀಗೇ ಎರಡು ಸಲ ಬಟನ್ ಒತ್ತಿಸಿದ್ದೆವು. ಮೂರನೇ ಸಲ ಮುಚ್ಚಳ ಬಿಚ್ಚಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಕಟ್‌ಔಟ್‌ಗೆ ಬರುವ ವೈರಿನ ತುದಿಯಲ್ಲಿ ತೋಳಿನಂತಿದ್ದ ಬಿಳಿ ಕವಚ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ಬೆರಳಲ್ಲಿ ಮುಟ್ಟಿದರೆ ಪುಡಿಯಾಗಿ ಉದುರಿತು. ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು, ಅಷ್ಟೇ. ಆ ಜಾಯಿಂಟ್‌ನಲ್ಲಿ ಹುಟ್ಟಿದ ಬಿಸಿಯನ್ನು ಕಟ್‌ಔಟ್ ನೀರಿನ ಬಿಸಿ ಅಂತ ತಿಳಿದು ಬಿಡಿಸುತ್ತಿತ್ತು. ಹಿಂದಿನ ಎರಡು ಸಲವೂ ಒಂದು ನಿಮಿಷ ಟಾರ್ಚ್ ಹಾಕಿ ನೋಡಿದ್ದರೆ ಕಾಣುತ್ತಿತ್ತು. ಆ ನೆನಪಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು, ನೀರು ಕಾಯಲಿಲ್ಲ ಎಂದ ಮಾತ್ರಕ್ಕೆ ಕಟ್‌ಔಟ್ ಬಿಡಿಸಿದೆ ಎಂದಲ್ಲ. ಮುಚ್ಚಳಕ್ಕೆ ಕೈ ಹಾಕುವ ಮೊದಲು ಮನೆಯ ಕರೆಂಟ್ ಬಾಕ್ಸ್ ನೋಡಿ. ಅಲ್ಲಿ ಯಾವುದು ಬಿದ್ದಿದೆ ಎನ್ನುವುದರ ಮೇಲೆ ಕತೆಯೇ ಬೇರೆ. ಎಂಸಿಬಿ ಬಿದ್ದಿದ್ದರೆ ಕರೆಂಟ್ ಮಿತಿಗಿಂತ ಜಾಸ್ತಿ ಹರಿದಿದೆ ಅಂತ, ಶಾರ್ಟ್ ಆಗಿರಬಹುದು. 2,000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಅದು 16 ಆಂಪಿಯರ್‌ನ ದೊಡ್ಡ ಪ್ಲಗ್‌ನಲ್ಲೇ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಕರೆಂಟ್ ಸೋರಿದರೆ ಕಡಿಯುವ ಸ್ವಿಚ್, ಆರ್‌ಸಿಸಿಬಿ, ಬಿದ್ದಿದ್ದರೆ ವಿಷಯ ಇನ್ನೂ ಗಂಭೀರ. ಹೋದ ಕರೆಂಟ್ ಪೂರ್ತಿ ವಾಪಸ್ ಬರುತ್ತಿಲ್ಲ, ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮನೆಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು. ಗೀಸರ್ ಹಾಕಿದಾಗಲೆಲ್ಲ ಬೀಳುತ್ತಿದ್ದರೆ ಎಲಿಮೆಂಟಿನ ಹೊರಗಿನ ಕೊಳವೆ ಬಿರುಕು ಬಿಟ್ಟು ಒಳಗೆ ನೀರು ಇಳಿದಿರುವ ಸಾಧ್ಯತೆ ಜಾಸ್ತಿ. ಎಂದರೆ ನೀವು ಸ್ನಾನ ಮಾಡುವ ನೀರಿಗೆ ಕರೆಂಟ್ ಮುಟ್ಟುತ್ತಿದೆ. ಆರ್‌ಸಿಸಿಬಿಯನ್ನು ಮತ್ತೆ ಮತ್ತೆ ಮೇಲೆತ್ತಿ ‘ಈ ಸಲ ನಿಲ್ಲುತ್ತದೇನೋ’ ಅಂತ ನೋಡುವುದನ್ನು ಯಾರೂ ಮಾಡಬಾರದು. ನಲ್ಲಿ ಮುಟ್ಟಿದಾಗ ಜುಮ್ ಅಂದರೂ ಅಷ್ಟೇ. ‘ಸ್ವಲ್ಪ ಕರೆಂಟ್ ಹೊಡೆಯುತ್ತೆ, ಅಭ್ಯಾಸ ಆಗಿದೆ’ ಅನ್ನುವ ಮನೆಗಳಿವೆ. ಅವರಿಗೆ ನಾನು ಕೈ ಮುಗಿದು ಹೇಳುತ್ತೇನೆ, ಇವತ್ತೇ ಎಂಸಿಬಿ ಇಳಿಸಿ, ಪ್ಲಗ್ ತೆಗೆಸಿ, ಅರ್ಥಿಂಗ್ ನೋಡಿಸಿ.

ಈಗ ಮೊದಲ ಸಲ ಕಟ್‌ಔಟ್ ಬಿಡಿಸಿರುವವರಿಗೆ. ಬಟನ್ ಒತ್ತುವುದು ಹೇಗೆ?

ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಆ ಸ್ವಿಚ್ ಎಷ್ಟೋ ಕಡೆ ಒಂದೇ ವೈರನ್ನು ಕಡಿಯುತ್ತದೆ. ವೈರಿಂಗ್ ಮಾಡುವಾಗ ಫೇಸ್ (ಕರೆಂಟ್ ತರುವ ವೈರ್) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಅದಲುಬದಲಾಗಿದ್ದರೆ ಸ್ವಿಚ್ ಆರಿದ್ದರೂ ಒಳಗಿನ ತುದಿಗಳಲ್ಲಿ ಕರೆಂಟ್ ಇರುತ್ತದೆ. ಎಂಸಿಬಿ ಇಳಿಸಿ, ಪ್ಲಗ್ ಕೂಡ ಎಳೆಯಿರಿ. ಪ್ಲಗ್ ಇಲ್ಲದೆ ನೇರ ವೈರಿಂಗ್ ಇದ್ದರೆ ಮುಚ್ಚಳ ನೀವು ಬಿಚ್ಚಬೇಡಿ, ಎಲೆಕ್ಟ್ರಿಷಿಯನ್‌ಗೆ ಬಿಡಿ. ಆಮೇಲೆ ಒಳಗಿನ ನೀರು ತಣ್ಣಗಾಗುವವರೆಗೆ ಕಾಯಿರಿ. ಒಳಗೆ ಇನ್ನೂ ಬಿಸಿ ಇದ್ದರೆ ಬಿಲ್ಲೆ ವಾಪಸ್ ಬಾಗಿರುವುದಿಲ್ಲ, ಬಟನ್ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ನೆಲ ಒಣಗಿರಲಿ, ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ.

ಮುಚ್ಚಳ ತೆಗೆದ ಕೂಡಲೇ ಬಟನ್‌ಗೆ ಬೆರಳು ಹಾಕಬೇಡಿ. ಮೊದಲು ಟಾರ್ಚ್ ಹಿಡಿದು ನೋಡಿ, ಮೂಸಿ. ಕರಿ ಕಲೆ, ಕಂದಾದ ವೈರ್, ಒದ್ದೆ, ಹಸಿರು ಅಥವಾ ಬಿಳಿ ಪುಡಿ, ಸುಟ್ಟ ವಾಸನೆ, ಇದರಲ್ಲಿ ಒಂದು ಕಂಡರೂ ಮುಚ್ಚಳ ಹಾಕಿಬಿಡಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಎಲ್ಲ ಚೆನ್ನಾಗಿದ್ದರೆ ಬಟನ್ನನ್ನು ನೇರವಾಗಿ ಒತ್ತಿ. ಬಿಡಿಸಿದ್ದರೆ ಸಣ್ಣದಾಗಿ ಟಿಕ್ ಅನ್ನುತ್ತದೆ. ಟಿಕ್ ಬರಲೇ ಇಲ್ಲವೆಂದರೆ ಬಹುಶಃ ಅದು ಬಿಡಿಸಿಯೇ ಇರಲಿಲ್ಲ, ತೊಂದರೆ ಬೇರೆ ಎಲ್ಲೋ ಇದೆ. ಎಲಿಮೆಂಟೇ ಕಡಿದಿರಬಹುದು.

ಮುಚ್ಚಳ ಭದ್ರ ಮಾಡಿ. ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ, ಗಾಳಿ ಉಗುಳದೆ ನೀರು ಒಂದೇ ಸಮನೆ ಬರುವವರೆಗೆ ಬಿಡಿ. ಟ್ಯಾಂಕ್ ತುಂಬಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಕರೆಂಟ್ ಕೊಡಿ. ಥರ್ಮೋಸ್ಟಾಟ್‌ನ ತಿರುಗುಬಟನ್ ಹೊರಗೇ ಇದ್ದರೆ ಮಧ್ಯಕ್ಕೆ ಇಡಿ. ಮುಂದಿನ ಮುಕ್ಕಾಲು ಗಂಟೆ ಮನೆಯಲ್ಲೇ ಇರಿ, ಗಡಿಯಾರ ನೋಡಿ. ಈ ಪರೀಕ್ಷೆ ನನಗೆ ಬಹಳ ಇಷ್ಟ, ಯಾವ ಉಪಕರಣವೂ ಬೇಡ. 2,000 ವಾಟ್‌ನ ಎಲಿಮೆಂಟ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ. 25 ಲೀಟರ್ ಆದರೆ ಸುಮಾರು ಅರ್ಧ ಗಂಟೆ. ಅಷ್ಟರ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ಕಡಿದು ಕಾಯುವ ದೀಪ ಆರಬೇಕು. ಅದಕ್ಕಿಂತ ಇನ್ನೊಂದು ಕಾಲು ಗಂಟೆ ಕಳೆದರೂ ದೀಪ ಉರಿಯುತ್ತಲೇ ಇದ್ದರೆ ಥರ್ಮೋಸ್ಟಾಟ್ ಮೇಲೆ ನಂಬಿಕೆ ಬೇಡ, ಎಂಸಿಬಿ ಇಳಿಸಿ.

ಒಳಗಿನಿಂದ ಕುದಿಯುವ ಸದ್ದು ಬಂದರೆ, ನಲ್ಲಿಯಲ್ಲಿ ಹಬೆ ನುಗ್ಗಿದರೆ, ಆಗಲೂ ದೂರದ ಎಂಸಿಬಿಯಲ್ಲೇ ಆರಿಸಿ. ಗೀಸರ್ ಕೆಳಗೆ ನಿಲ್ಲಬೇಡಿ. ಒತ್ತಡ ಇಳಿಸುತ್ತೇನೆ ಅಂತ ಬಿಸಿನೀರಿನ ನಲ್ಲಿ ತಿರುಗಿಸಲೂಬೇಡಿ, ಹಬೆ ಮುಖಕ್ಕೇ ಬರುತ್ತದೆ. ಬಾಗಿಲು ಎಳೆದುಕೊಂಡು ಆಚೆ ಬನ್ನಿ, ತಾನಾಗಿ ತಣ್ಣಗಾಗಲಿ.

ಸೇಫ್ಟಿ ವಾಲ್ವ್ ಬಗ್ಗೆ ಒಂದು ಮಾತು. ಗೀಸರ್ ಕಾಯುವಾಗ ಅದರಿಂದ ತೊಟ್ಟು ತೊಟ್ಟು ನೀರು ಬರುವುದನ್ನು ಕಂಡು ‘ಲೀಕ್ ಆಗ್ತಿದೆ’ ಅಂತ ಅದಕ್ಕೆ ಬೆಣೆ ಹೊಡೆದು ಮುಚ್ಚುವವರಿದ್ದಾರೆ. ನೀರು 25ರಿಂದ 60 ಡಿಗ್ರಿಗೆ ಏರುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಹಿಗ್ಗುತ್ತದೆ. 25 ಲೀಟರ್‌ಗೆ ಅದು ಒಂದು ದೊಡ್ಡ ಲೋಟದಷ್ಟು. ಆ ನೀರಿಗೆ ಹೊರಬರಲು ದಾರಿ ಬೇಡವೇ? ಕಾಯುವಾಗ ತೊಟ್ಟಿಕ್ಕಿ ಆಮೇಲೆ ನಿಂತರೆ ವಾಲ್ವ್ ಚೆನ್ನಾಗಿದೆ ಅಂತಲೇ ಅರ್ಥ. ಹಗಲೂ ರಾತ್ರಿ ಸುರಿಯುತ್ತಿದ್ದರೆ ವಾಲ್ವ್ ಬದಲಿಸಬೇಕು, ಮುಚ್ಚುವುದಲ್ಲ.

ನಿಮ್ಮದು ಗ್ಯಾಸ್ ಗೀಸರ್ ಆಗಿದ್ದರೆ ಮೇಲಿನ ಹೆಚ್ಚಿನ ಮಾತು ಹೊಂದುವುದಿಲ್ಲ. ಅದು ಹೊತ್ತದೆ ನಿಂತರೆ ಒಂದೇ ಸಮನೆ ಮತ್ತೆ ಮತ್ತೆ ಹೊತ್ತಿಸಬೇಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ವಾಲ್ವ್ ಮುಚ್ಚಿ, ಕಿಟಕಿ ತೆರೆದು ಹೊರಗೆ ಬನ್ನಿ. ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ, ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅದಕ್ಕಿಂತ ದೊಡ್ಡ ಅಪಾಯ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರಲೇಬಾರದು.

ಮತ್ತೆ ನಿಮ್ಮ ಗೀಸರ್‌ಗೆ ಬರೋಣ. ರಿಪೇರಿಯವರನ್ನು ಕರೆಸಿದಾಗ ‘ಬಟನ್ ಒತ್ತಿ ಕೊಡಿ’ ಅನ್ನಬೇಡಿ. ‘ಮೂರು ವಾರದಲ್ಲಿ ಎರಡು ಸಲ ಕಟ್‌ಔಟ್ ಬಿಡಿಸಿದೆ, ಯಾಕೆ ಅಂತ ನೋಡಿ’ ಅನ್ನಿ. ಥರ್ಮೋಸ್ಟಾಟ್ ಬದಲಿಸುವುದು ಒಳ್ಳೆಯದು. ಎಷ್ಟೋ ಮಾಡೆಲ್‌ಗಳಲ್ಲಿ ಅದೂ ಕಟ್‌ಔಟೂ ಒಂದೇ ತುಂಡಾಗಿ ಬರುತ್ತವೆ. ಬೇರೆ ಬೇರೆ ಇದ್ದರೆ ಎರಡನ್ನೂ ಬದಲಿಸಲು ಹೇಳಿ. ಎಲಿಮೆಂಟನ್ನು ಮೀಟರ್ ಇಟ್ಟು ಅಳೆಯಲಿ. 2,000 ವಾಟ್‌ನದಾದರೆ ಸುಮಾರು 26 ಓಮ್ ತೋರಿಸಬೇಕು. ಎಲಿಮೆಂಟಿನ ತುದಿಗೂ ಟ್ಯಾಂಕಿನ ಲೋಹಕ್ಕೂ ನಡುವೆ ಸೋರಿಕೆ ಇದೆಯಾ ಅಂತಲೂ ನೋಡಲಿ. ಹೇಗೂ ಬಿಚ್ಚುತ್ತಾರಲ್ಲ, ಸುಣ್ಣ ಕೆರೆದು ತೆಗೆಯಲಿ, ಮೆಗ್ನೀಸಿಯಮ್ ರಾಡ್ ಕಡ್ಡಿಯಾಗಿ ಹೋಗಿದ್ದರೆ ಹೊಸದು ಹಾಕಲಿ. ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ತಾನು ಸವೆಯುವ ರಾಡ್ ಅದು.

ಒಂದು ಕೆಲಸಕ್ಕೆ ಮಾತ್ರ ಒಪ್ಪಬೇಡಿ. ಕೆಲವರು ‘ಪದೇ ಪದೇ ಬಿಡಿಸುತ್ತೆ, ಡೈರೆಕ್ಟ್ ಮಾಡಿಬಿಡ್ತೀನಿ’ ಅಂತ ಕಟ್‌ಔಟ್‌ನ ಎರಡು ವೈರುಗಳನ್ನು ಒಟ್ಟಿಗೆ ಸೇರಿಸಿ ಬಿಡುತ್ತಾರೆ. ಗೀಸರ್ ಆಮೇಲೆ ಒಂದು ದಿನವೂ ತಪ್ಪದೆ ಕಾಯುತ್ತದೆ, ನಿಲ್ಲಿಸುವವರೇ ಇರುವುದಿಲ್ಲ. ಅವರು ಮುಚ್ಚಳ ಹಾಕುವ ಮೊದಲು ಫೋನಿನಲ್ಲಿ ಒಳಗಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಟ್‌ಔಟ್‌ನ ಎರಡೂ ತುದಿಗಳಲ್ಲಿ ಬೇರೆ ಬೇರೆ ವೈರ್ ಕೂತಿರಬೇಕು. ರಿಪೇರಿ ಮುಗಿಯುವವರೆಗೆ ಎಂಸಿಬಿ ಇಳಿದೇ ಇರಲಿ, ಸ್ನಾನದ ನೀರು ಒಲೆಯ ಮೇಲೆ ಕಾಯಲಿ.