ಸ್ಕ್ಯಾನರ್ ಸತ್ತಿಲ್ಲ, ಡ್ರೈವರ್ ಇಲ್ಲ ಅಷ್ಟೇ

ಕೊಡಗಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಯಾವ ಮಿಷಿನ್ ಕೆಟ್ರೂ ತೇವ ಹಿಡ್ದಿದೆ ಇಲ್ಲ ಸಿಡಿಲು ಹೊಡ್ದಿದೆ ಅಂತ ತೀರ್ಪು ಕೊಟ್ಬಿಡ್ತಾರೆ, ಕೆಲವರು ಆಯುಧ ಪೂಜೆಗೆ ಕುಂಕುಮ ಇಡ್ಲಿಲ್ಲ ಅದಕ್ಕೇ ಹಿಂಗಾಯ್ತು ಅಂತಾನೂ ಅಂತಾರೆ (ಗಾಜಿನ ಮೇಲೆ ಇಟ್ರೆ ಪ್ರತಿ ಸ್ಕ್ಯಾನಲ್ಲೂ ಕುಂಕುಮ ಬರುತ್ತೆ, ಅದರ ಪವರ್ ಅಷ್ಟೇ). ಜಮ್ಮಾ ಜಮೀನಿನ ಕಾಗದ, ತಾತನ ಫೋಟೋ ಎಲ್ಲ ಹಳೇ ಕಂಪ್ಯೂಟರಲ್ಲಿ ಚೆನ್ನಾಗೇ ಸ್ಕ್ಯಾನ್ ಮಾಡ್ತಿದ್ದ ಸ್ಕ್ಯಾನರ್, ಹೊಸದಕ್ಕೆ ಹಾಕಿದ ಕೂಡ್ಲೇ ಸುಮ್ಮನಾದ್ರೆ ಸಿಡಿಲನ್ನ ಯಾಕ್ರೀ ಬೈತೀರ?

ಕೇಬಲ್ ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ನೀನ್ಯಾರು ಅಂತ ಕೇಳುತ್ತೆ, ಸ್ಕ್ಯಾನರ್ ಎರಡು ನಂಬರ್ ಹೇಳುತ್ತೆ, ಒಂದು ಕಂಪನಿದು ಇನ್ನೊಂದು ಮಾಡೆಲ್‌ದು, ಒಂದೊಂದೂ 16 ಬಿಟ್, ಬರೆದ್ರೆ ನಾಲ್ಕು ಅಂಕಿ-ಅಕ್ಷರ. ನಮ್ಮಲ್ಲಿ ಮೊದಲು ಒಕ್ಕದ (ಮನೆತನದ) ಹೆಸರು ಆಮೇಲೆ ಸ್ವಂತ ಹೆಸರು ಹೇಳೋದಿಲ್ವಾ, ಥೇಟ್ ಹಂಗೇ. ಕ್ಯಾನನ್ ಒಕ್ಕ ಅಂದ್ರೆ 04ಎ9. ಈ ಜೋಡಿ ಹಿಡ್ಕೊಂಡು ಸಿಸ್ಟಮ್ ತನ್ನ ಡ್ರೈವರ್ (ಮಿಷಿನ್ ಜೊತೆ ಮಾತಾಡೋ ಪ್ರೋಗ್ರಾಂ) ಪಟ್ಟಿ ಹುಡುಕುತ್ತೆ, ಸಿಗ್ಲಿಲ್ಲ ಅಂದ್ರೆ ಮುಗೀತು, ಇದು ನಂಗೆ ಗೊತ್ತಿಲ್ಲ ಅನ್ನುತ್ತೆ, ಅನ್‌ಸಪೋರ್ಟೆಡ್. ಕೀಬೋರ್ಡ್, ಪೆನ್‌ಡ್ರೈವ್‌ಗೆಲ್ಲ ಈ ಗೋಳಿಲ್ಲ, ಅವಕ್ಕೆ ಎಲ್ಲ ಕಂಪನಿಯೋರೂ ಒಪ್ಪಿದ ಒಂದೇ ಪದ್ಧತಿ ಇದೆ. ಹಳೇ ಸ್ಕ್ಯಾನರ್‌ಗಳಲ್ಲಿ ಮೋಟರ್ ಎಷ್ಟು ಹೆಜ್ಜೆ ಸರೀಬೇಕು, ದೀಪ ಯಾವಾಗ ಹತ್ತಬೇಕು ಅನ್ನೋದನ್ನ ಒಬ್ಬೊಬ್ರು ಒಂದೊಂದು ಥರ ಬರ್ಕೊಂಡಿದಾರೆ, ಅದು ಗೊತ್ತಿರೋದು ಅವರ ಡ್ರೈವರ್‌ಗೆ ಮಾತ್ರ, ಆ ಡ್ರೈವರ್ ಹಳೇ 32 ಬಿಟ್ ವಿಂಡೋಸ್ ಕಾಲದ್ದಾದ್ರೆ ಈಗಿನ 64 ಬಿಟ್ ವಿಂಡೋಸ್ ಅದನ್ನ ಒಳಗೇ ಬಿಡಲ್ಲ.

1957ರಲ್ಲಿ ಅಮೆರಿಕದಲ್ಲಿ ರಸೆಲ್ ಕಿರ್ಶ್ ತಂಡ ತನ್ನ ಸ್ಕ್ಯಾನರಿಂದ ಕಿರ್ಶ್ ಮಗುವಿನ ಫೋಟೋನ ಕಂಪ್ಯೂಟರ್‌ಗೆ ಇಳಿಸ್ತು, 176×176 ಚುಕ್ಕಿ ಅಷ್ಟೇ. ಸ್ಕ್ಯಾನರ್ರೂ ಕಂಪ್ಯೂಟರ್ರೂ ಒಂದೇ ಸಂಸ್ಥೆದು, ಡ್ರೈವರ್ ಜಗಳಕ್ಕೆ ಜಾಗನೇ ಇರ್ಲಿಲ್ಲ.

ಈಗ ಅಂಗಡಿಯವ್ರು ಹೊಸದು ತಗೊಳ್ಳಿ ಅನ್ನೋಕೆ ಮುಂಚೆ ಒಂದು ಪೆನ್‌ಡ್ರೈವಿಂದ ಲಿನಕ್ಸ್ (ವಿಂಡೋಸ್ ಬದಲು ಓಡೋ ಫ್ರೀ ಸಿಸ್ಟಮ್) ಬೂಟ್ ಮಾಡಿ, ಇನ್‌ಸ್ಟಾಲ್ ಮಾಡೋದೂ ಬೇಡ. ಅದರಲ್ಲಿ ಸೇನ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಕಂಪನಿ ಕೈಬಿಟ್ಟ ಎಷ್ಟೋ ಮಾಡೆಲ್‌ಗೆ ಜನ ಕೂತು ಡ್ರೈವರ್ ಬರ್ದಿದಾರೆ. 'ಸೇನ್-ಫೈಂಡ್-ಸ್ಕ್ಯಾನರ್' (sane-find-scanner) ಕಮಾಂಡಿಗೆ ಕಂಡು 'ಸ್ಕ್ಯಾನ್‌ಇಮೇಜ್ -ಎಲ್'ಗೆ (scanimage -L, ಎಲ್ ದೊಡ್ಡಕ್ಷರ) ಕಾಣ್ಲಿಲ್ಲ ಅಂದ್ರೆ ಕೇಬಲ್ ಸರಿ ಇದೆ, ಯುಎಸ್‌ಬಿನೂ ಮಾತಾಡ್ತಿದೆ, ಇಲ್ಲದೇ ಇರೋದು ಡ್ರೈವರ್ ಅಥವಾ ಪರ್ಮಿಷನ್. ಕಮಾಂಡ್ ಮುಂದೆ ಸುಡೋ (sudo, ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಹಾಕಿದಾಗ ಕಂಡ್ರೆ ಪರ್ಮಿಷನ್ನೇ. ಕೆಲವು ಮಾಡೆಲ್ ಪ್ರತಿ ಸಲ ಆನ್ ಆದಾಗ್ಲೂ ಕಂಪ್ಯೂಟರಿಂದ ಫರ್ಮ್‌ವೇರ್ (ಸ್ಕ್ಯಾನರ್ ಒಳಗೇ ಓಡೋ ಪ್ರೋಗ್ರಾಂ) ಫೈಲ್ ಕೇಳ್ತವೆ, ಅದನ್ನ ಹಳೇ ಡ್ರೈವರ್ ಸಿಡಿಯಿಂದ ತೆಗ್ದು ಕೊಡ್ಬೇಕು. ಬೇರೆ ಮಾಡೆಲ್ ಡ್ರೈವರನ್ನ ಬಲವಂತವಾಗಿ ಹಚ್ಚೋರು ಹುಷಾರು, ಒಳಗೆ ಓಡಾಡೋ ಸ್ಕ್ಯಾನ್ ಹೆಡ್ ಹೋಗಿ ಗೋಡೆಗೆ ಗುದ್ದಿ ಕರಕರ ಅಂದ್ರೆ ತಕ್ಷಣ ಪವರ್ ಬರೋ ಕೇಬಲ್ ಕೀಳಿ, ಇಲ್ದಿದ್ರೆ ಗೇರ್ ಹೋಗುತ್ತೆ.

ಇದ್ಯಾವುದೂ ಆಗ್ಲಿಲ್ವಾ, ವರ್ಚುವಲ್‌ಬಾಕ್ಸಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್) 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ ಸ್ಕ್ಯಾನರನ್ನ ಅದಕ್ಕೆ ಕೊಟ್ಬಿಡಿ, ಹಳೇ ಡ್ರೈವರ್ ಏನೂ ಗೊತ್ತಿಲ್ದಂಗೆ ಓಡುತ್ತೆ, ಆ ಎಕ್ಸ್‌ಪಿಗೆ ಇಂಟರ್ನೆಟ್ ಮಾತ್ರ ಕೊಡ್ಬೇಡಿ.