ಪದ ಪರಿಚಯ: ಬಂದೂಕು ನಿಯಂತ್ರಣ

ಅಮೆರಿಕದ ಸುದ್ದಿಗಳಲ್ಲಿ ಮೇಲಿಂದ ಮೇಲೆ ಬರುವ ‘ಗನ್ ಕಂಟ್ರೋಲ್’ ಎಂಬ ಮಾತನ್ನು ನಮ್ಮ ಪತ್ರಿಕೆಗಳು ‘ಬಂದೂಕು ನಿಯಂತ್ರಣ’ ಎಂದು ಬರೆಯುತ್ತವೆ. ಅನುವಾದದಲ್ಲಿ ತಪ್ಪಿಲ್ಲವಾದರೂ ಅದು ನಮ್ಮಲ್ಲಿ ಮೂಡಿಸುವ ಚಿತ್ರ ಬೇರೆ. ಭಾರತದಲ್ಲಿ ಪರವಾನಗಿ ಪಡೆದವರು ಮಾತ್ರ ಬಂದೂಕು ಇಟ್ಟುಕೊಳ್ಳಬಹುದು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಇರುವ ವಿನಾಯಿತಿ ಈ ನಿಯಮಕ್ಕೆ ಅಪವಾದ. ಅಮೆರಿಕದಲ್ಲಿ, ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಹೇಳುವ ಸಂವಿಧಾನದ ಎರಡನೇ ತಿದ್ದುಪಡಿಯ ಬಲದಿಂದ, ಹಕ್ಕು ಮೊದಲು, ನಿರ್ಬಂಧ ಆಮೇಲೆ. ಹೀಗಾಗಿ ಯಾರಿಗೆ, ಯಾವ ಆಯುಧವನ್ನು, ಎಷ್ಟು ವಿಚಾರಿಸಿ ಮಾರಬೇಕು ಎಂಬ ಹಲವು ಪ್ರಶ್ನೆಗಳನ್ನು ಅಲ್ಲಿ ಈ ಒಂದೇ ಪದದೊಳಗೆ ತುಂಬಲಾಗಿದೆ.

ಜನಾಭಿಪ್ರಾಯ ಬದಲಾಯಿತೇ ಎಂದು ಕೇಳುವವರು ಇವುಗಳಲ್ಲಿ ಯಾವ ಪ್ರಶ್ನೆ ಎಂಬುದನ್ನು ಮೊದಲು ಹೇಳಬೇಕು. ಪೊಲೀಸರು ಹಾಗೂ ಅಧಿಕಾರ ಪಡೆದವರನ್ನು ಬಿಟ್ಟು ಬೇರೆ ಯಾರೂ ಪಿಸ್ತೂಲು, ರಿವಾಲ್ವರ್ ಇಟ್ಟುಕೊಳ್ಳದಂತೆ ನಿಷೇಧಿಸಬೇಕೇ ಎಂದು ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 1959ರಲ್ಲಿ ಕೇಳಿದಾಗ ಶೇ. 60ರಷ್ಟು ಜನ ಹೌದು ಎಂದಿದ್ದರು. 2021ರಲ್ಲಿ ಹಾಗೆಂದವರು ಶೇ. 19 ಮಾತ್ರ. ಈ ನಡುವೆ ಬೇರೆ ಬದಲಾವಣೆಗಳೂ ಆದವು. ಒಂದು ಕಾಲಕ್ಕೆ ಬೇಟೆಗಾಗಿ ಬಂದೂಕು ಇಟ್ಟುಕೊಂಡವರೇ ಹೆಚ್ಚಾಗಿದ್ದರೆ, ಈಗ ಆತ್ಮರಕ್ಷಣೆಗೆ ಎನ್ನುವವರೇ ಹೆಚ್ಚು. 1977ರ ನಂತರ ಬಂದೂಕು ಹೊಂದಿದವರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಬಿಗಿಪಟ್ಟಿನ ರಾಜಕೀಯ ಸಂಘಟನೆಯಾಯಿತು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದನ್ನು ವೈಯಕ್ತಿಕ ಹಕ್ಕೆಂದು ಎತ್ತಿಹಿಡಿಯಿತು.

ಮಾರಾಟದ ಕಾನೂನು ಇನ್ನಷ್ಟು ಬಿಗಿಯಾಗಬೇಕೇ ಎಂಬ ಪ್ರಶ್ನೆಯ ಉತ್ತರ ಹೀಗೆ ಒಂದೇ ಸಮನೆ ಇಳಿದಿಲ್ಲ. 1990ರಲ್ಲಿ ಶೇ. 78 ಇದ್ದ ಬೆಂಬಲ 2010ಕ್ಕೆ ಶೇ. 44ಕ್ಕೆ ಕುಸಿಯಿತು, ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡ ನಡೆದ ಮರುತಿಂಗಳು, 2018ರ ಮಾರ್ಚ್‌ನಲ್ಲಿ, ಶೇ. 67ಕ್ಕೆ ಏರಿ ಮತ್ತೆ ತಗ್ಗಿತು.

ಕೊಳ್ಳುವವರ ಹಿನ್ನೆಲೆ ತಪಾಸಣೆಯ ಕಥೆಯೇ ಬೇರೆ. ಪರವಾನಗಿ ಇರುವ ಅಂಗಡಿಯಲ್ಲಿ ಗಿರಾಕಿ ಒಂದು ಅರ್ಜಿ ತುಂಬುತ್ತಾನೆ, ಅಂಗಡಿಯವನು ಆ ವಿವರವನ್ನು ಒಕ್ಕೂಟ ಸರ್ಕಾರದ ತನಿಖಾ ಸಂಸ್ಥೆಯಾದ ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ಕಳಿಸುತ್ತಾನೆ, ಹೆಚ್ಚಿನ ಸಲ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಆದರೆ ಅದೇ ಬಂದೂಕನ್ನು ಒಬ್ಬ ಖಾಸಗಿ ವ್ಯಕ್ತಿ ತನ್ನದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಒಕ್ಕೂಟ ಸರ್ಕಾರದ ಕಾನೂನು ಈ ತಪಾಸಣೆಯನ್ನು ಕೇಳುವುದಿಲ್ಲ. ಈ ಕಿಂಡಿಯನ್ನು ಮುಚ್ಚಬೇಕು ಎನ್ನುವವರು ಸಮೀಕ್ಷೆಗಳಲ್ಲಿ ಶೇ. 80ಕ್ಕೂ ಮೇಲೆಯೇ ಕಾಣುತ್ತಾರೆ. ಆದರೂ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿಗೆ 20 ಮಕ್ಕಳು ಸತ್ತ ಬಳಿಕ, 2013ರಲ್ಲಿ, ತಪಾಸಣೆಯನ್ನು ವಿಸ್ತರಿಸುವ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ ಬೇಕಿದ್ದ 60 ಮತಗಳ ಪೈಕಿ ಬಿದ್ದದ್ದು 54. ಜನಾಭಿಪ್ರಾಯವೇ ಕಾನೂನಾಗುತ್ತದೆ ಎಂದು ನಂಬಿದವರು ಈ ಲೆಕ್ಕವನ್ನು ಗಮನಿಸಬೇಕು.

ಪದವೂ ಈಗ ಸವೆದಿದೆ. ‘ಕಂಟ್ರೋಲ್’ ಎಂದೊಡನೆ ಸರ್ಕಾರ ಬಂದೂಕು ಕಿತ್ತುಕೊಳ್ಳುತ್ತದೆ ಎಂಬ ಅನುಮಾನ ಹುಟ್ಟುವುದರಿಂದ ಅದರ ಪರವಾಗಿರುವವರೇ ಹೆಚ್ಚಾಗಿ ‘ಗನ್ ಸೇಫ್ಟಿ’ ಎನ್ನುತ್ತಾರೆ. ಇದನ್ನು ‘ಬಂದೂಕು ಸುರಕ್ಷತೆ’ ಎಂದು ಬರೆದರೆ, ಕೋವಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುವ ವಿಷಯವೆಂದೇ ಕನ್ನಡದ ಓದುಗರು ತಿಳಿದಾರು.