ಒಬ್ಬರೇ ಇದ್ದರೆ ‘ಅಲುಮ್ನಿ’ ಅಲ್ಲ

ಧಾರವಾಡದ ಜುಬಿಲಿ ಸರ್ಕಲ್ ಹತ್ತಿರ ಕಳೆದ ವಾರ ಒಂದು ಫ್ಲೆಕ್ಸ್ ಕಟ್ಟಿದ್ದರು. ಕೈ ಮುಗಿದು ನಿಂತ ಒಬ್ಬರೇ ಒಬ್ಬರ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಕಾಲೇಜಿನ ಹೆಮ್ಮೆಯ ಅಲುಮ್ನಿ’. ಅದರ ಕೆಳಗೆ ‘ಅಲುಮ್ನಿಗಳ ಸ್ನೇಹ ಸಮ್ಮಿಲನ’. ಎರಡೂ ತಪ್ಪು. ಕಾಲೇಜುಗಳೇ ತುಂಬಿದ ಊರಿದು, ಇಂಥ ಫ್ಲೆಕ್ಸ್ ವರ್ಷವಿಡೀ ಕಣ್ಣಿಗೆ ಬೀಳುತ್ತವೆ. ಇನ್ನೂ ಸುಮ್ನೆ ಇರೋಕೆ ಆಗಲ್ಲ.

ಅಲುಮ್ನಿ ಅಂದರೆ ಹಳೆಯ ವಿದ್ಯಾರ್ಥಿಗಳು. ಲ್ಯಾಟಿನ್‌ನಿಂದ ಬಂದ ಪದ, ಬಹುವಚನ. ಒಬ್ಬ ಗಂಡಸಾದರೆ ಅಲಮ್ನಸ್, ಒಬ್ಬ ಹೆಣ್ಣುಮಗಳಾದರೆ ಅಲಮ್ನಾ. ‘ನಾನು ಈ ಕಾಲೇಜಿನ ಅಲುಮ್ನಿ’ ಅನ್ನುವುದು ‘ನಾನು ಈ ಮನೆಯ ಮಕ್ಕಳು’ ಅಂದ ಹಾಗೆ. ‘ಅಲುಮ್ನಿಗಳು’ ಅಂದರೆ ‘ಮಕ್ಕಳುಗಳು’. ಕನ್ನಡದಲ್ಲಿ ಯಾರಾದರೂ ಹೀಗೆ ಅಂದರೆ ಅಲ್ಲೇ ತಡೆದು ತಿದ್ದುತ್ತೇವೆ, ಅಲ್ವಾ?

ಉಚ್ಚಾರದ ಬಗ್ಗೆ ನನ್ನ ತಕರಾರಿಲ್ಲ. ಇಂಗ್ಲಿಷಿನವರು ‘ಅಲಮ್ನೈ’ ಅನ್ನುತ್ತಾರೆ. ಹಳೆಯ ಲ್ಯಾಟಿನ್‌ನಲ್ಲಿ ಅದು ‘ಅಲುಮ್ನೀ’. ನಮ್ಮವರ ನಾಲಗೆ ಮೂಲಕ್ಕೇ ಹತ್ತಿರ ಇದೆ.

ಪದ ಹುಟ್ಟಿದ ಬಗೆ ಗೊತ್ತಾದರೆ ಇದರ ಮೇಲೆ ಪ್ರೀತಿ ಬರುತ್ತದೆ. ಲ್ಯಾಟಿನ್‌ನಲ್ಲಿ ‘ಅಲೆರೆ’ ಅಂದರೆ ಉಣಿಸುವುದು, ಸಾಕಿ ಬೆಳೆಸುವುದು. ಅಲಮ್ನಸ್ ಅಂದರೆ ಸಾಕುಮಗ. ರೋಮಿನಲ್ಲಿ ಹೆತ್ತವರಲ್ಲದೆ ಬೇರೆಯವರು ಸಾಕಿದ ಮಗುವನ್ನು ಹೀಗೆ ಕರೆಯುತ್ತಿದ್ದರು. ಆ ಕಾಲದ ಸಮಾಧಿ ಕಲ್ಲುಗಳ ಮೇಲೂ ಈ ಪದ ಕೆತ್ತಿದ್ದು ಸಿಗುತ್ತದೆ. ಓದಿದ ಕಾಲೇಜನ್ನು ‘ಆಲ್ಮಾ ಮೇಟರ್’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು: ಉಣಿಸುವ ತಾಯಿ. ಡೈವೋರ್ಸ್ ಆದವರಿಗೆ ಕೊಡುವ ‘ಅಲಿಮನಿ’ ಇದರದೇ ಬಳಗ, ಹೊಟ್ಟೆಪಾಡಿನ ದುಡ್ಡು. ‘ಅಡಲ್ಟ್’ ಕೂಡ ಇದೇ ಮನೆತನ, ಉಂಡು ಬೆಳೆದು ದೊಡ್ಡವನಾದವನು. ನೋಡಿ, ಮೂಲದಲ್ಲಿ ‘ಹಳೆಯ’ ಅನ್ನುವ ಅರ್ಥವೂ ಇಲ್ಲ, ಡಿಗ್ರಿಯ ಸುದ್ದಿಯೂ ಇಲ್ಲ. ಇರುವುದು ಅನ್ನದ ಋಣ.

ಇದು ಧಾರವಾಡದವರಿಗೆ ಬೇರೆಯವರು ಹೇಳಿಕೊಡುವ ವಿಷಯವೇ ಅಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ವಾರಾನ್ನ ಉಂಡು ಓದಿದವರು ಇಲ್ಲಿ ಎಷ್ಟೋ ಜನ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಸಾಲಾಗಿ ಕೂತು ಉಂಡು, ಪುಸ್ತಕ ಹಿಡಿದು ಕ್ಲಾಸಿಗೆ ಹೋದ ಹಳ್ಳಿ ಹುಡುಗರು ಎಷ್ಟೋ ಜನ. ಪದದ ಪೂರ್ತಿ ಅರ್ಥದಲ್ಲಿ ಅಲುಮ್ನಿ ಅಂದರೆ ಅವರು. ಅವರಲ್ಲಿ ಒಬ್ಬೊಬ್ಬನೂ ಅಲಮ್ನಸ್.

ಫ್ಲೆಕ್ಸ್ ಮಾಡಿಸುವವರಿಗೆ ಇಷ್ಟೆಲ್ಲ ನೆನಪಿಡೋದು ಜಾಸ್ತಿ ಆಯ್ತು ಅನ್ನಿಸಿದರೆ ‘ಹಳೆಯ ವಿದ್ಯಾರ್ಥಿ’ ಅಂತ ಬರೆಸಿ. ಹತ್ತು ಜನ ಇದ್ದರೆ ಧಾರಾಳವಾಗಿ ‘ಗಳು’ ಹಚ್ಚಿ.